ಕ್ಲಾರಿಯ ಕೈತೂಕ

ಆಸ್ಟ್ರೇಲಿಯಾದ ನಮ್ಮ ಪೋರ್ಟ್ ಅಗಸ್ಟಾದಲ್ಲಿ ಕ್ಲಾರೆನ್ಸ್ ನಾಸ್ಕಿಯನ್ನು ಪೂರ್ತಿ ಹೆಸರು ಹಿಡಿದು ಕರೆಯುತ್ತಿದ್ದವಳು ಹಲ್ಲಿನ ಡಾಕ್ಟರು ಒಬ್ಬಳೇ. ಉಳಿದವರಿಗೆಲ್ಲ ಅವನು ಕ್ಲಾರಿ. ನನಗೆ ಅಕ್ಕನ ಗಂಡ. ಅಕ್ಕ ತೀರಿಹೋಗಿ ಒಂಬತ್ತು ವರ್ಷವಾದ ಮೇಲೂ ನಾನು ಅವನ ಶೆಡ್ಡಿನಲ್ಲಿ ವೈರಿಂಗ್ ಕೆಲಸ ಮಾಡಿಕೊಂಡೇ ಇದ್ದೆ. ಅವನ ಜೊತೆ ಜಗಳವಾಡದ ದಿನ ನನಗೆ ತಿಂದದ್ದು ಅರಗುತ್ತಿರಲಿಲ್ಲ. ಹೀಗಾಗಿ ಅವನನ್ನು ನಾನು ಹೊಗಳಿದರೆ, ಸುಮ್ಮನೆ ಹೊಗಳುತ್ತಿದ್ದೇನೆ ಎಂದು ಯಾರೂ ತಿಳಿಯಬೇಕಾಗಿಲ್ಲ.

ಕೆಲಸದಿಂದ ನಿವೃತ್ತರಾದವರು ಚಳಿಗಾಲ ಬಂತೆಂದರೆ ಗಾಡಿಯ ಹಿಂದೆ ಕ್ಯಾರವಾನ್, ಅಂದರೆ ಚಕ್ರದ ಮನೆ, ಕಟ್ಟಿಕೊಂಡು ನಮ್ಮೂರಿನ ಮೇಲೆ ಪಶ್ಚಿಮಕ್ಕೋ ಉತ್ತರಕ್ಕೋ ಹೊರಡುತ್ತಾರೆ. ಎರಡೂವರೆ ಟನ್ನಿನ ಮನೆಯನ್ನು ಎಳೆಯಲು ಗಟ್ಟಿಯಾದ ಫೋರ್‌ವೀಲ್ ಗಾಡಿ ಬೇಕು. ಆ ಗಾಡಿಯನ್ನು ಅಣಿ ಮಾಡಿಕೊಡುವುದು ಕ್ಲಾರಿಯ ಕಸುಬು. ಹಿಂದೆ ಕೊಕ್ಕೆ ಕೂಡಿಸುವ ಉಕ್ಕಿನ ತೊಲೆ, ಸೋತುಹೋದ ಸ್ಪ್ರಿಂಗುಗಳ ಜಾಗಕ್ಕೆ ಹೊಸವು, ಪಕ್ಕಕ್ಕೆ ಉದ್ದನೆಯ ಕನ್ನಡಿ. ನನ್ನ ಪಾಲಿನದು ಬ್ರೇಕಿನ ವೈರು: ಚಾಲಕನ ಮುಂದೆ ಒಂದು ಸಣ್ಣ ಗುಂಡಿ ಇರುತ್ತದೆ, ಒತ್ತಿದರೆ ಕ್ಯಾರವಾನಿನ ಬ್ರೇಕು ಮಾತ್ರ ಹಿಡಿಯುತ್ತದೆ. ಇಷ್ಟನ್ನು ಯಾರು ಬೇಕಾದರೂ ಮಾಡಿಕೊಡುತ್ತಾರೆ. ಕ್ಲಾರಿಯ ಹತ್ತಿರ ಇದ್ದದ್ದು ಬೇರೆ.

ಹರೆಯದಲ್ಲಿ ಅವನು ಗೋಧಿ ಕಣಜದ ತೂಕದ ಮನೆಯಲ್ಲಿ ಹನ್ನೊಂದು ಸುಗ್ಗಿ ಕೆಲಸ ಮಾಡಿದ್ದ. ಲಾರಿ ಬಂದು ನಿಂತ ಕೂಡಲೇ ಅದು ಕೂತ ಭಂಗಿ ನೋಡಿ ಮನಸ್ಸಿನಲ್ಲೇ ತೂಕ ಹೇಳಿಕೊಳ್ಳುವುದು, ಆಮೇಲೆ ಮುಳ್ಳು ನೋಡುವುದು. ಬೇಸರ ಕಳೆಯಲು ಹಿಡಿದ ಆಟ ಕೊನೆಗೆ ಕೈಗೆ ಇಳಿಯಿತು. ಕ್ಯಾರವಾನಿನ ಮೂಗು, ಅಂದರೆ ಗಾಡಿಗೆ ಸಿಕ್ಕಿಸುವ ತುದಿ, ಅದರ ಮೇಲೆ ಅಂಗೈ ಇಟ್ಟು ಎರಡು ಸಲ ಅದುಮಿ ಬಿಡುತ್ತಿದ್ದ. "ಇನ್ನೂರ ಹತ್ತು" ಎನ್ನುತ್ತಿದ್ದ. ತೂಕಕ್ಕೆ ಹಾಕಿದರೆ ಇನ್ನೂರ ಎಂಟೋ ಹನ್ನೆರಡೋ. ನಾನು ಇಪ್ಪತ್ತೆರಡು ವರ್ಷ ಇದನ್ನು ನೋಡಿದ್ದೇನೆ, ಒಂದು ದಿನವೂ ಮೈ ಜುಮ್ಮೆನ್ನದೆ ಇರಲಿಲ್ಲ.

ಒಮ್ಮೆ ಒಬ್ಬ ದೊಡ್ಡ ಮನುಷ್ಯನ ಕ್ಯಾರವಾನಿನ ಮೇಲೆ ಕೈ ಇಟ್ಟವನು, "ಎಡಗಡೆ ಹಿಂದೆ ನಲವತ್ತು ಕೆಜಿ ಏನೋ ಬಚ್ಚಿಟ್ಟಿದೀಯಲ್ಲ" ಎಂದ. ಆ ಮನುಷ್ಯ ಬೈಬಲ್ ಮೇಲೆ ಕೈಯಿಡಲೂ ತಯಾರಾದ. ಹೆಂಡತಿ ಹೋಗಿ ಹಾಸಿಗೆ ಎತ್ತಿ ನೋಡಿದರೆ ಕೂಬರ್ ಪೀಡಿಯ ಗಣಿಯಿಂದ ತಂದ ಓಪಲ್ ರತ್ನದ ಕಲ್ಲುಗಳ ಮೂಟೆ! ಅವರ ಜಗಳ ಮುಗಿಯುವ ತನಕ ನಾವು ಒಳಗೆ ಚಹಾ ಕುಡಿದೆವು.

ಅವನದೊಂದು ನೇಮವಿತ್ತು: "ಹೊರಡೋ ದಿನ ಹೇಗಿರ್ತೀರೋ ಹಾಗೇ ಬನ್ನಿ." ನೀರಿನ ತೊಟ್ಟಿ ತುಂಬಿರಬೇಕು, ಬಟ್ಟೆಬರೆ, ನಾಯಿ, ಚಹಾ ಡಬ್ಬಿ, ಎಲ್ಲ ಒಳಗಿರಬೇಕು. ಒಟ್ಟು ಭಾರದ ಹತ್ತರಲ್ಲಿ ಒಂದು ಪಾಲು ಮೂಗಿನ ಮೇಲೆ ಕೂರದಿದ್ದರೆ ಬೀಗದಕೈ ಕೊಡುತ್ತಿರಲಿಲ್ಲ. ಮೂಗು ಹಗುರಾಯಿತೋ, ಹಿಂದಿನ ಮನೆ ಮುಂದಿನ ಗಾಡಿಯನ್ನೇ ಆಡಿಸಲು ಶುರುಮಾಡುತ್ತದೆ.

ರೆಕ್ಸ್ ಮತ್ತು ಮಾರ್ಲೀನ್ ಜ್ವಾರ್ ದಂಪತಿ ಬಂದದ್ದು ಜುಲೈ ತಿಂಗಳಲ್ಲಿ, ನಮ್ಮ ಕಡೆಯ ನಡು ಚಳಿಗಾಲದಲ್ಲಿ. ರೆಕ್ಸ್ ಮೂವತ್ತು ವರ್ಷ ನಲ್ಲಾರ್‌ಬೋರ್ ಬಯಲಿನ ರೈಲು ಹಳಿ ಗ್ಯಾಂಗಿನಲ್ಲಿ ದುಡಿದವನು. ಅಲ್ಲಿಂದ ದಕ್ಷಿಣಕ್ಕೆ ನೂರು ಕಿಲೋಮೀಟರಿನಲ್ಲಿ ಸಮುದ್ರ. ಚಳಿಗಾಲದಲ್ಲಿ ತಿಮಿಂಗಿಲಗಳು ಅಲ್ಲಿಗೆ ಬಂದು ಮರಿಹಾಕುತ್ತವೆ. ಮೂವತ್ತು ವರ್ಷವೂ ಅವನು "ಮುಂದಿನ ವರ್ಷ ನೋಡಿದ್ರಾಯ್ತು" ಎಂದುಕೊಂಡ. ಈಗ ಅವನ ನೋಟದ ನಡುಭಾಗ ಮಂಕಾಗುತ್ತಿತ್ತು. ಮುಂದಿನ ಚಳಿಗಾಲಕ್ಕೆ ಎಷ್ಟು ಉಳಿದಿರುತ್ತದೋ ಹೇಳಲಾರೆ ಎಂದಿದ್ದರಂತೆ ಕಣ್ಣಿನ ಡಾಕ್ಟರು. ತಿಮಿಂಗಿಲ ನೋಡುವುದಾದರೆ ಈ ಸಲವೇ ನೋಡಬೇಕು.

"ಗಾಡಿ ಓಡ್ಸೋದು ಇವಳು. ನನ್ನ ಲೈಸೆನ್ಸ್ ಕಿತ್ಕೊಂಡ್ರು" ಎಂದ ರೆಕ್ಸ್.

"ಕಿತ್ಕೊಳ್ಳೋ ಹಾಗೆ ಮಾಡಿದ್ದು ನಾನೇ" ಎಂದಳು ಮಾರ್ಲೀನ್. "ಅಂಚೆ ಡಬ್ಬಕ್ಕೆ ಗುದ್ದಿ, ಅದಕ್ಕೇ 'ಕ್ಷಮಿಸಿ ಮೇಡಂ' ಅಂದ. ಇನ್ನೇನು ಮಾಡ್ಲಿ?"

"ನೀನು ಇದುವರೆಗೆ ಏನೇನು ಎಳ್ದಿದೀಯ?" ಕ್ಲಾರಿ ಕೇಳಿದ.

"ಇವನ್ನ. ನಲವತ್ನಾಲ್ಕು ವರ್ಷದಿಂದ."

ಕ್ಲಾರಿ ನಕ್ಕದ್ದನ್ನು ನಾನು ನೋಡಿದೆ. ವರ್ಷಕ್ಕೆ ಎರಡು ಸಲ ನಗುತ್ತಿದ್ದ ಪ್ರಾಣಿ ಅದು.

ಎಂಟು ದಿನ ಆ ಗಾಡಿಯ ಮೇಲೆ ದುಡಿದೆವು. ಮಾರ್ಲೀನಳನ್ನು ಸೀಟಿನಲ್ಲಿ ಕೂರಿಸಿ, ದರ್ಜಿಯ ಹಾಗೆ ಅವಳ ತೋಳಿನ ಅಳತೆ ತೆಗೆದ. ನಾನು ಜೋಡಿಸಿದ ಬ್ರೇಕಿನ ಗುಂಡಿಯನ್ನು ಮೂರು ಸಲ ಕೀಳಿಸಿದ.

"ಇನ್ನೂ ಎರಡು ಬೆರಳು ಕೆಳಗೆ, ಗ್ಲೆನಿಸ್."

"ನಿನ್ನ ಎರಡು ಬೆರಳಿಗೆ ಬೆಂಕಿ ಹಾಕ. ತೂತುಗಳನ್ನ ನೋಡಿದ್ರೆ ಹುಳ ತಿಂದಿರೋ ಹಾಗಿದೆ."

"ಅವಳು ಹೆದರಿದ್ದಾಗ್ಲೂ ಕೈ ಅಲ್ಲಿಗೇ ಹೋಗ್ಬೇಕು. ಹೆದರಿದ ಕೈ ಹುಡುಕಲ್ಲ."

ಕುದುರೆ ಜೂಜಿನ ಮೈದಾನದ ಹಿಂದೆ ಅವಳಿಗೆ ಕ್ಯಾರವಾನನ್ನು ಹಿಮ್ಮುಖವಾಗಿ ಓಡಿಸುವುದನ್ನೂ ಕಲಿಸಿದ. ಬಿಚ್ಚುವುದು ಕಟ್ಟುವುದೂ ಅವಳದೇ. ಮೂಗಿನ ಕೆಳಗೆ ಒಂದು ಪುಟ್ಟ ಚಕ್ರವಿರುತ್ತದೆ, ಅದರ ಹಿಡಿ ತಿರುಗಿಸಿ ತಿರುಗಿಸಿ ಮೂಗನ್ನು ಮೇಲೆತ್ತಬೇಕು. ಮಾರ್ಲೀನಳಿಗೆ ಎರಡು ವರ್ಷದ ಹಿಂದೆ ಬಲಭುಜದ ಆಪರೇಷನ್ ಆಗಿತ್ತು. ಹತ್ತು ಸುತ್ತು ತಿರುಗಿಸಿ ನಿಲ್ಲುತ್ತಿದ್ದಳು, ತುಟಿ ಕಚ್ಚಿ ಮತ್ತೆ ಹತ್ತು. ಕೊಕ್ಕೆ ಕೂತದ್ದು ಕಾಣದವನ ಕೈಗೆ ಅವಳು ಹಿಡಿ ಕೊಡುತ್ತಿರಲಿಲ್ಲ, ರೆಕ್ಸ್ ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದ.

ಮಂಗಳವಾರ ಸಂಜೆ ಎಲ್ಲ ತುಂಬಿಸಿ ತಂದರು. ಕ್ಲಾರಿ ಕೈಯಿಟ್ಟು "ಇನ್ನೂರ ನಲವತ್ತು" ಎಂದ. ತಕ್ಕಡಿ ಇನ್ನೂರ ಮೂವತ್ತೆಂಟು ಎಂದಿತು. ಬುಧವಾರ ಬೆಳಿಗ್ಗೆ ಹೆದ್ದಾರಿಯಲ್ಲಿ ಒಂದು ಪರೀಕ್ಷೆಯ ಓಟ, ಗುರುವಾರ ಪಯಣ ಎಂದು ನಿಶ್ಚಯವಾಯಿತು.

ಬುಧವಾರ ಅವರು ರಾತ್ರಿ ಬಿಚ್ಚದೆ ಬಿಟ್ಟಿದ್ದ ಕ್ಯಾರವಾನನ್ನು ಮನೆಯಿಂದ ಹಾಗೇ ಎಳೆದುಕೊಂಡು ಬಂದರು. ಕ್ಲಾರಿ ಅಭ್ಯಾಸಬಲದಿಂದ ಕೊಕ್ಕೆಯ ಮೇಲೆ ಕೈಯಿಟ್ಟ. ತೆಗೆಯಲಿಲ್ಲ. ಗಾಡಿಯ ಹಿಂಭಾಗ ಕೂತಿದ್ದ ಎತ್ತರವನ್ನೊಮ್ಮೆ ನೋಡಿದ.

"ರೆಕ್ಸ್, ಏನಾದ್ರೂ ಜರುಗಿಸಿದ್ಯಾ?"

"ನಾನಾ? ನಂಗೆ ನನ್ನ ಬೂಟೇ ಸರಿಯಾಗಿ ಕಾಣ್ಸಲ್ಲ ಮಾರಾಯ."

ನಾವೆಲ್ಲ ನಕ್ಕೆವು. ಕ್ಲಾರಿ ಕೈ ತೆಗೆದ. ಅಂದು ಅವನು ತನ್ನ ಕೈಯನ್ನು ಬಿಟ್ಟು ಮನುಷ್ಯನ ಮಾತನ್ನು ನಂಬಿದ. ನಾನಾದರೂ ಬಾಯಿ ಬಿಡಬಹುದಿತ್ತು, ಊರಿಗೆಲ್ಲ ಬುದ್ಧಿ ಹೇಳುವ ನನ್ನ ಬಾಯಿಗೆ ಆಗಲೇ ಬೀಗ ಬಿದ್ದಿತ್ತು.

ಮಾರ್ಲೀನ್ ಓಡಿಸುತ್ತಿದ್ದಳು, ಕ್ಲಾರಿ ಅವಳ ಎಡಕ್ಕೆ, ರೆಕ್ಸ್ ಮತ್ತು ನಾನು ಹಿಂದೆ. ಊರು ದಾಟಿ ಇಪ್ಪತ್ತು ನಿಮಿಷ. ಎರಡೂ ಕಡೆ ಕೆಂಪು ಮಣ್ಣು, ಬೂದು ಬಣ್ಣದ ಉಪ್ಪುಗಿಡ. ಮಾರ್ಲೀನ್ ತೊಂಬತ್ತರ ವೇಗದಲ್ಲಿ ಹದವಾಗಿ ಹೋಗುತ್ತಿದ್ದಳು, ಗುನುಗುವುದಕ್ಕೂ ಶುರುಮಾಡಿದ್ದಳು. ಆಗ ಎದುರಿನಿಂದ ಒಂದು ರೋಡ್ ಟ್ರೇನ್ ಬಂತು, ಒಂದರ ಹಿಂದೆ ಒಂದು ಮೂರು ಟ್ರೇಲರ್ ಕಟ್ಟಿದ ಲಾರಿ. ಅದರ ಗಾಳಿ ಬಡಿಯಿತು. ಹಿಂದಿನಿಂದ ಯಾರೋ ಅಂಗಿ ಹಿಡಿದು ಮೆಲ್ಲಗೆ ಎಳೆದಂತಾಯಿತು. ಆಮೇಲೆ ಇನ್ನೊಂದು ಕಡೆಗೆ, ತುಸು ಜೋರಾಗಿ. ಮೂರನೇ ಸಲ ಕ್ಯಾರವಾನಿನ ಬಿಳಿ ಗೋಡೆ ನನ್ನ ಪಕ್ಕದ ಕಿಟಕಿಯಲ್ಲೇ ಕಂಡಿತು!

ಕ್ಲಾರಿ ಕೈ ಚಾಚಿದ್ದರೆ ಗುಂಡಿ ಸಿಗುತ್ತಿತ್ತು. ಅವನು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ. ನನ್ನ ಕಣ್ಣಾರೆ ಕಂಡೆ.

"ಮಾರ್ಲೀನ್, ಕಾಲು ತೆಗಿ" ಎಂದ. ಉಪ್ಪಿನ ಡಬ್ಬಿ ಈ ಕಡೆ ಕೊಡು ಎನ್ನುವಂಥ ದನಿ. "ಕಾಲಿನ ಬ್ರೇಕ್ ಮುಟ್ಬೇಡ. ಸ್ಟೀರಿಂಗ್ ನೆಟ್ಟಗೆ ಹಿಡ್ಕೋ, ಅದರ ಜೊತೆ ಗುದ್ದಾಡ್ಬೇಡ. ಈಗ ಎಡಗೈ."

ಎಡಗೈ ಹೋಯಿತು. ಹುಡುಕಲಿಲ್ಲ, ತಡವರಿಸಲಿಲ್ಲ, ನೇರ ಗುಂಡಿಯ ಮೇಲೆಯೇ ಹೋಗಿ ಕೂತಿತು. ಹಿಂದೆ ಕ್ಯಾರವಾನಿನ ಚಕ್ರಗಳು ಹಿಡಿದವು, ಹಗ್ಗ ಬಿಗಿದಂತೆ ಎಲ್ಲ ಒಂದೇ ಗೆರೆಗೆ ಬಂತು. ಆ ಎರಡು ಬೆರಳಿನ ಅಂತರಕ್ಕಾಗಿ ನಾನು ಅವನಿಗೆ ಹಾಕಿದ್ದ ಶಾಪವನ್ನೆಲ್ಲ ಅಲ್ಲೇ ವಾಪಸ್ಸು ತೆಗೆದುಕೊಂಡೆ. ಇಂಥ ಕೆಲಸವನ್ನು ನನ್ನ ಜನ್ಮದಲ್ಲಿ ನಾನು ಕಂಡಿರಲಿಲ್ಲ.

ಗಾಡಿ ಪಕ್ಕಕ್ಕೆ ನಿಂತಿತು. ನಾನು ಇಳಿದವಳೇ ಕ್ಲಾರಿಯ ಮೇಲೆ ಬಿದ್ದೆ. "ತಲೆ ಕೆಟ್ಟಿದ್ಯಾ ನಿಂಗೆ? ನೀನೇ ಒತ್ತೋಕೆ ಏನಾಗಿತ್ತು ರೋಗ? ನಾಲ್ಕು ಜನ ಸಾಯ್ತಿದ್ವಲ್ಲೋ!"

"ಅಲ್ಲಿ ಬಯಲಲ್ಲಿ ನಾನಿರಲ್ಲ ಗ್ಲೆನಿಸ್."

ಇಷ್ಟೇ ಅವನ ಉತ್ತರ. ಹೋಗಿ ಮೂಗಿನ ಮೇಲೆ ಕೈಯಿಟ್ಟು, ಗಾಡಿಯ ಹಿಂಭಾಗ ಕೂತ ಎತ್ತರವನ್ನು ಮತ್ತೆ ನೋಡಿದ. "ತೊಂಬತ್ತೈದು" ಎಂದು ರೆಕ್ಸ್‌ನ ಕಡೆ ತಿರುಗಿದ.

ರೆಕ್ಸ್ ಗಾಡಿಗೆ ಒರಗಿ ನಿಂತಿದ್ದ. ಮುಖದಲ್ಲಿ ರಕ್ತವಿರಲಿಲ್ಲ. "ಟೂಲ್ ಪೆಟ್ಟಿಗೆ, ಜಾಕು, ಡಬ್ಬಿ ಊಟ, ಎರಡನೇ ಬ್ಯಾಟರಿ. ಎಲ್ಲಾನೂ ಹಿಂದೆ ಬಚ್ಚಲ ಕೋಣೆಗೆ ಹಾಕ್ದೆ. ನಿನ್ನೆ ರಾತ್ರಿ, ಇವಳು ಅಂಗಡಿಗೆ ಹೋಗಿದ್ದಾಗ."

"ಯಾಕೆ?" ಮಾರ್ಲೀನ್ ಕೇಳಿದಳು.

"ಹಿಡಿ ತಿರುಗ್ಸೋವಾಗ ನಿನ್ನ ಉಸಿರು ಕಟ್ಟುತ್ತೆ. ನೀನು ತೋರ್ಸಲ್ಲ, ಆದ್ರೆ ನಂಗೆ ಕೇಳ್ಸುತ್ತೆ. ಮೂಗು ಹಗುರಾದ್ರೆ ನಿಂಗೆ ಸುಲಭ ಆಗುತ್ತೆ ಅಂತ..." ಅವನು ಗಾಡಿಯ ಬಾಗಿಲನ್ನು ತಡವಿ ಹಿಡಿದ. ಆಮೇಲೆ ಎಂದ, "ಮನೆಗೆ ಹೋಗೋಣ ಮಾರ್ಲೀನ್. ಇದನ್ನ ಮಾರಿಬಿಡೋಣ. ತಿಮಿಂಗಿಲ ಟೀವಿಲೂ ಬರುತ್ತೆ."

ನಮ್ಮ ಕಡೆ ಗಂಡಸರು ಪ್ರೀತಿಯನ್ನು ಬಾಯಲ್ಲಿ ಹೇಳುವುದಿಲ್ಲ, ಯಾವುದಾದರೂ ಪೆಟ್ಟಿಗೆಯನ್ನು ಅಲ್ಲಿಂದ ಇಲ್ಲಿಗೆ ಇಡುತ್ತಾರೆ. ಅಂದು ಆ ಪ್ರೀತಿಗೆ ನಾಲ್ಕು ಜನ ಆಹುತಿಯಾಗುವುದು ಒಂದು ಕೂದಲೆಳೆಯಲ್ಲಿ ತಪ್ಪಿತ್ತು. ನನಗೆ ಅವನ ಮೇಲೆ ರೇಗಬೇಕೆನಿಸಿತು, ಆಗಲಿಲ್ಲ.

ಮಾರ್ಲೀನ್ ಅಳಲಿಲ್ಲ, ಬೈಯಲೂ ಇಲ್ಲ. ಹಿಂದಿನ ಬಾಗಿಲು ತೆಗೆದು ಟೂಲ್ ಪೆಟ್ಟಿಗೆಯ ಒಂದು ಹಿಡಿ ಹಿಡಿದಳು. "ಆ ಕಡೆ ಹಿಡ್ಕೋ ರೆಕ್ಸ್. ಇಟ್ಟಿದ್ದು ನೀನು, ತೆಗೆಯೋದೂ ನೀನೇ."

ಇಬ್ಬರೂ ಸೇರಿ ಒಂದೊಂದನ್ನೇ ಹೊತ್ತು ಮೂಗಿನ ಹತ್ತಿರದ ಸಾಮಾನು ಪೆಟ್ಟಿಗೆಗೆ ತುಂಬಿದರು. ನಾನು ಕೈ ಹಾಕಲು ಹೋದರೆ ಕ್ಲಾರಿ ನನ್ನ ತೋಳು ಹಿಡಿದ. ತುಂಬಿಯಾದ ಮೇಲೆ ಮಾರ್ಲೀನ್ ಕೊಕ್ಕೆಯ ಚಿಲಕ ತೆಗೆದು, ಪುಟ್ಟ ಚಕ್ರ ಇಳಿಸಿ, ಹಿಡಿ ತಿರುಗಿಸತೊಡಗಿದಳು. ಅದೇ ಭಾರದ ಮೂಗು, ಅದೇ ನೋವಿನ ಭುಜ. ಹತ್ತು ಸುತ್ತಿಗೆ ನಿಂತಳು, ಉಸಿರು ಬಿಟ್ಟಳು. ಈ ಸಲ ಅದನ್ನು ಅಡಗಿಸಲಿಲ್ಲ, ಜೋರಾಗಿಯೇ ಬಿಟ್ಟಳು.

"ಕೇಳಿಸ್ತಾ?" ಎಂದಳು ಗಂಡನಿಗೆ.

"ಕೇಳಿಸ್ತು."

"ನೋಯುತ್ತೆ. ಸಾಯಲ್ಲ. ಭಾರ ಆಗುತ್ತಾ ಅಂತ ನನ್ನನ್ನ ಒಂದು ಮಾತು ಕೇಳಿದ್ಯಾ ನೀನು?" ಮತ್ತೆ ಹತ್ತು ಸುತ್ತು. ಮತ್ತೆ ಹತ್ತು. ಮೂಗು ಮೇಲೆದ್ದು ಕೊಕ್ಕೆಯಿಂದ ಬಿಟ್ಟುಕೊಂಡಿತು. ಕ್ಲಾರಿ ಅಂಗೈಯಿಟ್ಟು ಅದುಮಿ, "ಇನ್ನೂರ ಮೂವತ್ತೆಂಟು. ನಿನ್ನೆ ಎಷ್ಟಿತ್ತೋ ಅಷ್ಟೇ" ಎಂದ. ಅವಳು ಹಿಡಿಯನ್ನು ತಿರುವಿ ಮೂಗನ್ನು ಮತ್ತೆ ಕೊಕ್ಕೆಯ ಮೇಲೆ ಕೂರಿಸಿದಳು, ಸರಪಳಿ ಸಿಕ್ಕಿಸಿದಳು, ವೈರು ಚುಚ್ಚಿದಳು. ಒಂದನ್ನೂ ಮರೆಯಲಿಲ್ಲ.

"ನೀರು ತುಂಬಿದೆ. ಬಟ್ಟೆ ಇದೆ. ನನ್ನ ಮಾತ್ರೆ, ಅವನ ಮಾತ್ರೆ ಎಲ್ಲಾ ಇದೆ" ಎಂದಳು ಕೈ ಒರೆಸಿಕೊಳ್ಳುತ್ತ. "ಇನ್ನು ಹಿಂದಕ್ಕೆ ಹೋದ್ರೆ ಇವನು ಮನಸ್ಸು ಬದಲಾಯಿಸ್ತಾನೆ. ಒಂದು ರಾತ್ರಿ ಕಳೆದ್ರೆ ನಾನೂ ಬದಲಾಯಿಸ್ಬಹುದು. ನೀವಿಬ್ರೂ ಇಲ್ಲೇ ಇಳ್ಕೊಳ್ತೀರಾ?"

"ಇಲ್ಲಿಂದ ಶೆಡ್ಡು ಮೂವತ್ತು ಕಿಲೋಮೀಟರು ಮಾರಾಯ್ತಿ!" ಎಂದೆ ನಾನು.

"ಲಾರಿ ಬರುತ್ತೆ" ಎಂದ ಕ್ಲಾರಿ.

ರೆಕ್ಸ್ ಬಂದು ತಡವುತ್ತ ಅವನ ಕೈ ಹುಡುಕಿ ಹಿಡಿದುಕೊಂಡ. ಆಮೇಲೆ ಗಾಡಿ ಹತ್ತಿದ. ಮಾರ್ಲೀನ್ ಉದ್ದನೆಯ ಕನ್ನಡಿಯಲ್ಲಿ ಹಿಂದೆ ನೋಡಿದಳು, ದೀಪ ಮಿನುಗಿಸಿದಳು, ಪಶ್ಚಿಮಕ್ಕೆ ಹೊರಟೇಬಿಟ್ಟಳು. ಊಟಕ್ಕೆಂದು ತಂದಿದ್ದ ನನ್ನ ಮಾಂಸದ ಪೈ ಮತ್ತು ಚಹಾದ ಫ್ಲಾಸ್ಕು ಅವರ ಜೊತೆಯಲ್ಲೇ ಹೋದವು.

ಇಪ್ಪತ್ತೆರಡು ವರ್ಷದಲ್ಲಿ ಕ್ಲಾರಿ ಒಬ್ಬ ಗಿರಾಕಿಯನ್ನೂ ನಿಂತು ಬೀಳ್ಕೊಟ್ಟವನಲ್ಲ. ಗಾಡಿ ಗೇಟಿನತ್ತ ಹೊರಳಿದ ಕೂಡಲೇ ಶೆಡ್ಡಿನ ಒಳಗೆ ಹೋಗಿ ಏನಾದರೂ ಕುಟ್ಟತೊಡಗುತ್ತಿದ್ದ. ಗರ್ವ ಎಂದುಕೊಂಡಿದ್ದೆ ನಾನು. ಈ ಹೆದ್ದಾರಿಯಲ್ಲಿ ಒಳಗೆ ಹೋಗಲು ಶೆಡ್ಡೇ ಇರಲಿಲ್ಲ. ಅವನು ನಿಂತು ನೋಡಲೇಬೇಕಾಯಿತು. ಇನ್ನೊಂದು ರೋಡ್ ಟ್ರೇನ್ ಎದುರಿನಿಂದ ಅವರನ್ನು ಹಾದುಬಂತು. ಕ್ಲಾರಿ ನನ್ನ ಮಣಿಕಟ್ಟು ಹಿಡಿದ. ಬಿಳಿಯ ಕ್ಯಾರವಾನ್ ಒಂದಿಷ್ಟು ನಡುಗಿತು, ಆಮೇಲೆ ನೆಟ್ಟಗೆ, ರಸ್ತೆಯ ಗೆರೆಯ ಪಕ್ಕ ಗೆರೆಯಾಗಿ ಸಾಗಿತು.

"ಹೋಗ್ತಿದೆ ಕಣೇ" ಎಂದ. "ನೋಡು, ಹೇಗೆ ಹೋಗ್ತಿದೆ."

ಕ್ಯಾರವಾನ್ ಅಕ್ಕಿಕಾಳಿನಷ್ಟಾಗಿ, ಅದೂ ಕರಗಿದ ಮೇಲೂ ಅವನು ಕಣ್ಣು ತೆಗೆಯಲಿಲ್ಲ. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳುವುದು ಅವನಿಗೆ ತೋಚಲಿಲ್ಲ. ಊರಿನ ಕಡೆಗೆ ಹೋಗುವ ಲಾರಿಯೊಂದು ಬಂದು ನಿಧಾನಿಸಿತು, ನಾನೇ ಕೈ ಬೀಸಿ ಮುಂದಕ್ಕೆ ಕಳಿಸಿದೆ.