ಅಳುವುದಕ್ಕೊಂದು ಜಾಗ

ಗಲ್ಫಿನಲ್ಲಿ, ಖೈತಾನ್‌ನ ಆ ಫ್ಲಾಟಿನಲ್ಲಿ ನಾವು ಎರಡು ಸಂಸಾರ ಇದ್ದೆವು. ಒಂದು ಕೋಣೆ ನನಗೂ ನನ್ನ ಗಂಡನಿಗೂ, ಇನ್ನೊಂದು ನಮ್ಮ ಕಡೆಯವರೇ ಆದ ಕೊಂಕಣಿ ಕ್ರೈಸ್ತ ದಂಪತಿಗೆ. ಅಡುಗೆಮನೆ, ಬಚ್ಚಲು, ಹಾಲ್ ಎರಡು ಮನೆಗೂ ಸೇರಿ. ತೊಂಬತ್ತರ ದಶಕ ಮುಗಿಯುತ್ತಾ ಬಂದ ಕಾಲ. ನನ್ನ ಗಂಡ ಮಿರ್ಕಾಬ್‌ನ ಒಂದು ಆಫೀಸಿನಲ್ಲಿದ್ದರು. ಪಕ್ಕದ ಕೋಣೆಯಾಕೆ ಜಾಬ್ರಿಯಾದಲ್ಲಿ ನರ್ಸ್, ನನಗಿಂತ ದೊಡ್ಡವರು. ಅವರನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ.

ಆ ವರ್ಷ ನಾವಿಬ್ಬರೂ ಒಟ್ಟಿಗೆ ಬಸುರಿಯರು. ಒಬ್ಬರ ಕಾಲು ಊದಿದ್ದನ್ನು ಇನ್ನೊಬ್ಬರು ನೋಡಿ ನಗುತ್ತಿದ್ದೆವು. ಅಕ್ಕನಿಗೆ ಮೊದಲು ಹೆರಿಗೆಯಾಯಿತು, ಗಂಡು ಮಗು. "ನಿನ್ನದೂ ಬರಲಿ ಮಾರಾಯ್ತಿ, ಎರಡನ್ನೂ ಒಂದೇ ಚಾಪೆಯಲ್ಲಿ ಮಲಗಿಸುವ" ಎಂದಿದ್ದರು.

ನನ್ನದು ಬಂತು, ಆದರೆ ಉಸಿರಿಲ್ಲದೆ. ನೋವು ಶುರುವಾಗುವ ಮೊದಲೇ ಹೊಟ್ಟೆಯೊಳಗೆ ಅದು ಅಲುಗಾಡುವುದು ನಿಂತಿತ್ತು. ಹೆರಿಗೆಯಾದ ಮೇಲೆ ನನಗೆ ಜ್ವರ ಬಂತು, ಮಂಪರು. ಎಚ್ಚರ ಸರಿಯಾಗಿ ಬರುವ ಹೊತ್ತಿಗೆ ನನ್ನ ಗಂಡ, ಆಫೀಸಿನ ಒಬ್ಬ ಸ್ನೇಹಿತನನ್ನು ಕರೆದುಕೊಂಡು ಹೋಗಿ, ಮಗುವನ್ನು ಮಣ್ಣು ಮಾಡಿ ಬಂದಾಗಿತ್ತು. ಊರಿನಿಂದ ಹಿರಿಯರು ಫೋನಿನಲ್ಲಿ ಹೇಳಿದ್ದರಂತೆ, ತಾಯಿ ಮುಖ ನೋಡದಿದ್ದರೆ ಒಳ್ಳೆಯದು, ಬೇಗ ಮರೆಯುತ್ತಾಳೆ ಎಂದು. ಹೆಣ್ಣು ಮಗು. ನನಗೆ ಗೊತ್ತಾದದ್ದು ಅಷ್ಟೇ.

ಮನೆಗೆ ಬಂದ ಮೇಲೆ ಅಮ್ಮ ಫೋನು ಮಾಡಿದಳು. "ಅಳಬೇಡ ಮಗಾ. ಹಸಿ ಮೈ. ಈಗ ಅತ್ತರೆ ಕಣ್ಣಿಗೂ ತಲೆಗೂ ಹಿಡೀತದೆ. ಮೆಂತೆ ಗಂಜಿ ಕುಡಿ, ಬಿಸಿನೀರು ಮೀಯು. ಹಾಲು ನಿಲ್ಲಲಿಕ್ಕೆ ಮಲ್ಲಿಗೆ ಕಟ್ಟಿಕೊ." ಮಗುವಿಲ್ಲದ ಬಾಣಂತನಕ್ಕೆ ಅವಳ ಹತ್ತಿರವೂ ಬೇರೆ ಮಾತು ಇರಲಿಲ್ಲ ಅಂತ ಕಾಣುತ್ತದೆ. ಆ ಸಂಜೆ ನನ್ನ ಗಂಡ ಊರಿನಿಂದ ವಿಮಾನದಲ್ಲಿ ಬಂದ ಮಲ್ಲಿಗೆಯನ್ನು ಎಲ್ಲಿಂದಲೋ ಹುಡುಕಿ ತಂದರು. ಬಾಳೆಲೆಯ ಪೊಟ್ಟಣವನ್ನು ಮಂಚದ ಮೇಲಿಟ್ಟು ಹೊರಗೆ ಹೋದರು. ಬಾಡಿದ ಹೂವನ್ನು ನಾನೇ ಎದೆಗೆ ಕಟ್ಟಿಕೊಂಡೆ.

ಹಾಲು ನಿಲ್ಲಲಿಲ್ಲ. ಗೋಡೆಯಾಚೆ ಅಕ್ಕನ ಮಗು ಅತ್ತ ಕೂಡಲೇ ನನ್ನ ನೈಟಿ ಒದ್ದೆಯಾಗುತ್ತಿತ್ತು. ಮನಸ್ಸಿಗೆ ಗೊತ್ತಾದದ್ದು ಮೈಗೆ ಗೊತ್ತಾಗಿರಲಿಲ್ಲ. ಅಕ್ಕ ಪಾಪ, ತನ್ನ ಕೈಲಾದದ್ದನ್ನು ಮಾಡಿದರು. ಹಗ್ಗದ ಮೇಲೆ ಒಣಗುತ್ತಿದ್ದ ಪುಟ್ಟ ಅಂಗಿಗಳು ಕಾಣೆಯಾದವು. ಬಾಟಲಿ ತೊಳೆಯುವುದೂ ನಾನು ಮಲಗಿರುವಾಗ. ಮಗು ಅತ್ತರೆ ಓಡಿಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆದರೆ ಆ ಬಾಗಿಲು ಟಪ್ಪೆಂದು ಮುಚ್ಚಿಕೊಂಡಾಗಲೆಲ್ಲ ನನಗೆ ಬೇರೆಯೇ ಅನ್ನಿಸುತ್ತಿತ್ತು. ನನ್ನ ಕಣ್ಣು ತಾಗೀತೆಂದು ಹೆದರಿದ್ದಾರೋ ಏನೋ.

ಅಳಬೇಕೆಂದರೆ ಆ ಮನೆಯಲ್ಲಿ ಜಾಗವಿರಲಿಲ್ಲ. ಕೋಣೆಯಲ್ಲಿ ಅತ್ತರೆ ಪಕ್ಕದ ಕೋಣೆಗೆ ಕೇಳುತ್ತದೆ. ಬಚ್ಚಲಲ್ಲಿ ಹೆಚ್ಚು ಹೊತ್ತು ನಿಂತರೆ ಹೊರಗೆ ಯಾರಾದರೂ ಕಾಯುತ್ತಿರುತ್ತಾರೆ. ಕೊನೆಗೆ ನಾನು ಕಂಡುಕೊಂಡದ್ದು ಮಿಕ್ಸಿ. ತೆಂಗಿನಕಾಯಿ, ಮೆಣಸು ಹಾಕಿ ಗುಂಡಿ ತಿರುಗಿಸಿದರೆ ಗರ್ರೆಂದು ಇಡೀ ಮನೆ ತುಂಬುವ ಶಬ್ದ. ಅದು ಓಡುವಷ್ಟು ಹೊತ್ತು ಬಾಯಿಬಿಟ್ಟು ಅಳಬಹುದು. ನಿಲ್ಲಿಸುವ ಮೊದಲು ಮುಖ ಒರೆಸಿಕೊಳ್ಳಬೇಕು, ಅಷ್ಟೇ. ಆ ದಿನಗಳಲ್ಲಿ ನಮ್ಮ ಮನೆಯ ಮಸಾಲೆ ಬೆಣ್ಣೆಯಷ್ಟು ನುಣ್ಣಗಿರುತ್ತಿತ್ತು. "ಇಷ್ಟು ಯಾಕೆ ಕಡೀತೀ?" ಎಂದು ನನ್ನ ಗಂಡ ಒಮ್ಮೆಯೂ ಕೇಳಲಿಲ್ಲ.

ಅವರು ಏನನ್ನೂ ಕೇಳುತ್ತಿರಲಿಲ್ಲ. ಊಟ ಆಯಿತಾ, ಮಾತ್ರೆ ತಗೊಂಡೆಯಾ, ಅಷ್ಟು ಬಿಟ್ಟರೆ ಮಾತಿಲ್ಲ. ಮಗುವಿನ ಸುದ್ದಿಯನ್ನು ಎತ್ತಲೇ ಇಲ್ಲ. ಆಫೀಸಿನಿಂದ ಬರುವುದೂ ತಡವಾಗತೊಡಗಿತು. ಕೆಲಸ ಹೆಚ್ಚಾಗಿರಬೇಕು ಎಂದುಕೊಂಡಿದ್ದೆ.

ಒಂದು ಸಂಜೆ ಅಡುಗೆಮನೆಯ ಕಿಟಕಿಯಿಂದ ಕೆಳಗೆ ನೋಡಿದೆ. ನಮ್ಮ ಕಟ್ಟಡದ ಪಕ್ಕದ ಖಾಲಿ ಮರಳು ಜಾಗದಲ್ಲಿ ಎಲ್ಲರೂ ಕಾರು ನಿಲ್ಲಿಸುತ್ತಿದ್ದರು. ನಮ್ಮ ಹಳೆಯ ಬಿಳಿ ಕಾರು ಆಗಲೇ ಬಂದು ನಿಂತಿತ್ತು. ಅನ್ನ ಬೆಂದಿತು, ಸಾರು ಕುದಿಯಿತು, ಅವರು ಮೇಲೆ ಬರಲಿಲ್ಲ. ಮರುದಿನವೂ ಹಾಗೆಯೇ. ಅದರ ಮರುದಿನವೂ. ಮನೆಯ ಕೆಳಗೆ ಬಂದು, ನನ್ನ ಮುಖ ನೋಡಲು ಇಷ್ಟವಿಲ್ಲದೆ, ಅಲ್ಲೇ ಕೂತಿರುತ್ತಾರಲ್ಲ! ದುಃಖಕ್ಕಿಂತ ದೊಡ್ಡ ಸಿಟ್ಟು ಬಂತು. ಅಷ್ಟು ಸಿಟ್ಟು ನನ್ನೊಳಗೆ ಇದೆ ಎಂದು ನನಗೇ ಗೊತ್ತಿರಲಿಲ್ಲ. ಇವತ್ತು ಕೇಳಿಯೇ ಬಿಡುತ್ತೇನೆ ಎಂದು, ನೈಟಿಯ ಮೇಲೊಂದು ಶಾಲು ಹೊದ್ದುಕೊಂಡು ಮೆಟ್ಟಿಲಿಳಿದೆ.

ಆಗಸ್ಟ್ ತಿಂಗಳು. ಹೊರಗೆ ಕಾಲಿಟ್ಟರೆ ಒಲೆಯ ಬಾಯಿಗೆ ಮುಖ ಕೊಟ್ಟ ಹಾಗೆ. ಕಾರಿನ ಎಂಜಿನ್ ಓಡುತ್ತಿತ್ತು, ಗಾಜು ಪೂರ್ತಿ ಏರಿಸಿತ್ತು. ಹತ್ತಿರ ಹೋದೆ. ಅವರು ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಅಳುತ್ತಿದ್ದರು. ಭುಜ ಕುಲುಕುವಂತೆ, ಬಾಯಿ ತೆರೆದು. ಗಾಜಿನ ಈಚೆ ನನಗೆ ಏಸಿಯ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

ಹಿಂದೆ ಹೋಗಿಬಿಡಲೇ ಎಂದೂ ಅನ್ನಿಸಿತು. ಕೊನೆಗೆ ಆಚೆ ಬದಿಯ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತೆ. ಅವರು ಬೆಚ್ಚಿಬಿದ್ದು, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು.

"ಎಂತ ಆಯ್ತು? ಹುಷಾರಿಲ್ವಾ?" ಎಂದು ನನ್ನನ್ನೇ ಕೇಳಿದರು.

"ನನಗೇನಾಗಿಲ್ಲ" ಎಂದೆ.

ಇಬ್ಬರೂ ಎದುರಿನ ಗೋಡೆ ನೋಡುತ್ತಾ ಕೂತೆವು. ಅವರು ತಾವಾಗಿಯೇ ಹೇಳಿದರು. "ಆ ದಿನ ಮಲ್ಲಿಗೆ ತರಲಿಕ್ಕೆ ಹೋದೆನಲ್ಲ, ಅಂಗಡಿಯವ ನಗಾಡಿಕೊಂಡು, 'ಏನು ಭಾಯಿ, ಮನೇಲಿ ವಿಶೇಷವಾ?' ಅಂತ ಕೇಳಿದ. ನಾನು ಹೌದು ಅಂದೆ. ಅವ ಒಳ್ಳೆದಾಗಲಿ ಅಂತ ಕೈ ಕೊಟ್ಟ. ನಾನೂ ಕೈ ಕೊಟ್ಟು ಬಂದೆ. ಆ ದಿನದಿಂದ ಹೀಗೆ. ಮೇಲೆ ಬಂದು ನಿನ್ನ ಎದುರು ಅತ್ತರೆ ನಿನಗೆ ಯಾರು?"

ಆಗ ನಾನು ಕೇಳಿದೆ. ಅಷ್ಟು ದಿನ ಗಂಟಲಲ್ಲೇ ಇದ್ದ ಮಾತು ಅದು. "ಯಾರ ಹಾಗಿದ್ದಳು?"

ಅವರು ನನ್ನ ಕಡೆ ತಿರುಗಿ ನೋಡಿದರು. ಈ ಲೋಕದಲ್ಲಿ ನಮ್ಮ ಮಗುವಿನ ಮುಖ ನೆನಪಿಟ್ಟುಕೊಳ್ಳಲು ಇದ್ದದ್ದು ಅವರೊಬ್ಬರೇ.

"ಕೂದಲು ತುಂಬಾ ಇತ್ತು" ಎಂದರು. "ಕಪ್ಪಗೆ. ಹಣೆ ನಿನ್ನದೇ. ಬೆರಳು ಉದ್ದ. ಬಟ್ಟೆ ಸುತ್ತಿ ಕೈಗೆ ಕೊಟ್ಟಾಗ ಮಲಗಿದ ಹಾಗೇ ಇದ್ದಳು. ಎಬ್ಬಿಸಿದರೆ ಏಳ್ತಾಳೇನೋ ಅಂತ ಕಾಣ್ತಿತ್ತು."

ಆ ಕಾರಿನಲ್ಲಿ, ಏಸಿಯ ಗಾಳಿಗೆ ಮುಖವೊಡ್ಡಿ, ನಾನು ಮೊದಲ ಬಾರಿಗೆ ಶಬ್ದ ಅಡಗಿಸದೆ ಅತ್ತೆ. ಅವರು ನನಗೆ ಸುಮ್ಮನಿರು ಎನ್ನಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕನ ಮಗು ಅತ್ತಿತು, ಅಕ್ಕ ಎಂದಿನಂತೆ ಬಾಗಿಲಿನ ಕಡೆ ಓಡಿದರು. ನಾನು ಹಾಲ್‌ನಲ್ಲಿ ನಿಂತು ಕರೆದೆ. "ಅಕ್ಕ, ಬಾಗಿಲು ಹಾಕಬೇಡಿ. ಹಾಕಿದರೂ ಕೇಳ್ತದೆ."

ಅವರು ಚಿಲಕದ ಮೇಲೆ ಕೈಯಿಟ್ಟುಕೊಂಡು ತಲೆ ತಗ್ಗಿಸಿದರು. "ನಿನ್ನ ಎದುರು ಇವನನ್ನು ಎತ್ತಿಕೊಳ್ಳಲಿಕ್ಕೆ ನನಗೆ ನಾಚಿಕೆ ಆಗ್ತದೆ ಮಾರಾಯ್ತಿ. ಕದ್ದ ಮಾಲು ಹಿಡಿದ ಹಾಗೆ ಆಗ್ತದೆ."

ನಾನು ಏನೇನೋ ಎಣಿಸಿಕೊಂಡಿದ್ದೆ. ಅವರೂ ಗೋಡೆಯ ಆಚೆ ಒಬ್ಬರೇ ಒದ್ದಾಡುತ್ತಿದ್ದರು. ಅಂದಿನಿಂದ ಬಾಗಿಲು ತೆರೆದೇ ಇರುತ್ತಿತ್ತು. ಆ ಮಗುವನ್ನು ಎತ್ತಿಕೊಳ್ಳುವುದಕ್ಕೆ ಮಾತ್ರ ನನ್ನಿಂದ ಬಹಳ ಕಾಲ ಆಗಲಿಲ್ಲ. ಅವರೂ ಎತ್ತಿಕೊ ಎಂದು ಒತ್ತಾಯಿಸಲಿಲ್ಲ.

ಮುಂದಿನ ಶುಕ್ರವಾರ ಬೆಳಿಗ್ಗೆ, ಬಿಸಿಲೇರುವ ಮೊದಲು, ನನ್ನ ಗಂಡ ನನ್ನನ್ನು ಸ್ಮಶಾನಕ್ಕೆ ಕರೆದುಕೊಂಡು ಹೋದರು. ಊರ ಹೊರಗೆ, ಗೋಡೆ ಕಟ್ಟಿದ ಬಯಲು. ಸಣ್ಣ ಸಣ್ಣ ದಿಬ್ಬಗಳು, ತಲೆಯ ಬದಿಗೊಂದು ಕಲ್ಲು. ಮಕ್ಕಳದ್ದೆಲ್ಲ ಒಂದೇ ಸಾಲು. ನಡುವೆ ಧೂಳಿನ ಗಾಳಿ ಬೀಸಿ ಹೋಗಿತ್ತು, ಎಲ್ಲವೂ ಒಂದೇ ಬಣ್ಣ. ಅವರು ಒಂದು ಕಡೆ ನಿಂತು "ಇಲ್ಲೇ" ಎಂದರು. ಆಮೇಲೆ ನಾಲ್ಕು ಹೆಜ್ಜೆ ಮುಂದೆ ಹೋಗಿ, ತಿರುಗಿ ಬಂದು, ಬೇರೊಂದರ ಹತ್ತಿರ ನಿಂತರು. ಅವರ ಮುಖ ನೋಡಲಾಗಲಿಲ್ಲ.

"ನನಗೆ ಗೊತ್ತಾಗ್ತಾ ಇಲ್ಲ" ಎಂದರು. "ಆ ದಿನ ಸರಿಯಾಗಿ ನೋಡ್ಕೊಳ್ಳಲಿಲ್ಲ."

"ಇರಲಿ" ಎಂದೆ. "ಇಲ್ಲಿದ್ದಾಳಲ್ಲ, ಸಾಕು."

ಬಾಟಲಿಯಲ್ಲಿ ತಂದಿದ್ದ ಹಾಲನ್ನು ನಾನು ಎರಡು ದಿಬ್ಬಕ್ಕೂ ಎರೆದೆ. ಇನ್ನೊಂದು ಯಾರ ಮಗುವೋ. ಮರಳು ಅದನ್ನು ಕೂಡಲೇ ಹೀರಿಕೊಂಡಿತು.

ಬರುವಾಗ ದಾರಿಯಲ್ಲಿ ಒಂದು ಮಲಬಾರಿ ಹೋಟೆಲಿನಲ್ಲಿ ಪರೋಟ ತಿಂದೆವು. ನನಗೆ ಅಷ್ಟು ಹಸಿವಾಗಿದೆ ಎಂದು ತಟ್ಟೆ ಎದುರು ಬರುವವರೆಗೆ ತಿಳಿದಿರಲಿಲ್ಲ. ಎಲ್ಲಿಂದ ಬಂದೆವು, ಏನು ಮಾಡುತ್ತಿದ್ದೇನೆ ಎಂದು ನಾಚಿಕೆಯಾಗಿ ಕೈ ನಿಲ್ಲಿಸಿದೆ. "ತಿನ್ನು" ಎಂದು ಅವರು ತಮ್ಮ ತಟ್ಟೆಯದನ್ನೂ ನನ್ನ ಕಡೆ ಸರಿಸಿದರು.

ಅಂದಿನಿಂದ ನಮ್ಮಿಬ್ಬರ ದುಃಖ ಒಂದಾಯಿತು ಎಂದು ಹೇಳಲಾರೆ. ಹಾಗೆ ಆಗುವುದಿಲ್ಲ. ನಾನು ಹೊಟ್ಟೆಯಲ್ಲಿ ಹೊತ್ತವಳು, ಮುಖ ನೋಡದವಳು. ಅವರು ನೋಡಿದವರು, ತಮ್ಮ ಕೈಯಿಂದಲೇ ಮಣ್ಣಿಗೆ ಕೊಟ್ಟವರು. ನನ್ನ ಕಡೆಯದು ಅವರಿಗೆ ಪೂರ್ತಿ ತಿಳಿಯುವುದಿಲ್ಲ, ಅವರ ಕಡೆಯದು ನನಗೆ. ಆದರೆ ಅಲ್ಲೊಂದು ದುಃಖ ಇದೆ ಎಂಬುದು ಇಬ್ಬರಿಗೂ ತಿಳಿದಿತ್ತು.

ಕೆಲವು ವರ್ಷಗಳ ಮೇಲೆ ನಮಗೆ ಮಗ ಹುಟ್ಟಿದ. ಅಷ್ಟರಲ್ಲಿ ಅಕ್ಕನ ಸಂಸಾರ ಬೇರೆ ದೇಶಕ್ಕೆ ಹೋಗಿತ್ತು, ಇಡೀ ಫ್ಲಾಟು ನಮ್ಮದೇ ಆಗಿತ್ತು. ಮಗನಿಗೆ ನಾವು ಆಡುವ ತುಳು ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಒಂದು ಸಂಜೆ, ಎಲ್ಲರಿಗೂ ಅಕ್ಕನೋ ತಮ್ಮನೋ ಇದ್ದಾರೆ, ನನಗೆ ಮಾತ್ರ ಯಾಕೆ ಇಲ್ಲ ಎಂದು ಕೇಳಿದ. ನಾನು ಏನು ಹೇಳಲಿ ಎಂದು ಯೋಚಿಸುತ್ತಿರುವಾಗಲೇ ನನ್ನ ಗಂಡ ಪೇಪರು ಕೆಳಗಿಟ್ಟರು.

"ನಿನಗೆ ಒಬ್ಬಳು ಅಕ್ಕ ಇದ್ದಳು" ಎಂದರು. "ಹುಟ್ಟುವ ಮೊದಲೇ ತೀರಿಕೊಂಡಳು."

ಮಗ ನಮ್ಮಿಬ್ಬರ ಮುಖವನ್ನೂ ನೋಡಿದ. "ಓಕೆ" ಎಂದು ಹೇಳಿ ಆಡಲು ಒಳಗೆ ಹೋದ. ನಾವಿಬ್ಬರೂ ಮೇಜಿನ ಆಚೆ ಈಚೆ, ಚಹಾ ಆರುವವರೆಗೆ ಕೂತಿದ್ದೆವು.