ದೂಜಣ್ಣ ಕಾಯುವ ಹಂಚಿನ ಮಾಡು

ಬೆಳಕು ಹರಿಯುವ ಹೊತ್ತು. ಸಾಂತಾಕ್ರೂಜ್ ಪಶ್ಚಿಮದ ಗಲ್ಲಿಯೊಂದರಲ್ಲಿ ದೂಜ ಪೂಜಾರಿ ಬರಿಗಾಲಲ್ಲಿ ಮಾಡಿನ ಮೇಲೆ ಕುಳಿತಿದ್ದಾರೆ. ಬೆರಳ ಗೆಣ್ಣಿನಿಂದ ಒಂದೊಂದೇ ಹಂಚನ್ನು ತಟ್ಟಿ ಕಿವಿಗೊಡುತ್ತಾರೆ. ಗಟ್ಟಿ ಹಂಚು ಠಣ್ ಎನ್ನುತ್ತದೆ. ಬಿರುಕು ಬಿಟ್ಟದ್ದರ ಸದ್ದು ಮಂಕು. ಅದನ್ನು ಎತ್ತಿ ಪಕ್ಕಕ್ಕಿಡುತ್ತಾರೆ. ತಲೆಯ ಮೇಲೆ ವಿಮಾನ ಹಾದಾಗ ಕೈ ನಿಲ್ಲುತ್ತದೆ. ಆ ಸದ್ದು ಪೂರ್ತಿ ಅಡಗಿದ ಮೇಲೆಯೇ ಮುಂದಿನ ಹಂಚು.

ಒಂದು ಕಾಲಕ್ಕೆ ಗಲ್ಲಿಯುದ್ದಕ್ಕೂ ಹಂಚಿನ ಬಂಗಲೆಗಳಿದ್ದವು. ಈಗ ಉಳಿದದ್ದು ದೂಜ ಹತ್ತಿ ಕುಳಿತಿರುವ ನೀಲಾವತಿಯವರ ಮನೆಯೊಂದೇ: ಮರದ ಕಟಕಟೆಯ ಜಗಲಿ, ಬಣ್ಣದ ಗಾಜಿನ ಕಿಟಕಿ. ಎಡಕ್ಕೆ ದುಂಡು ಬಾಲ್ಕನಿಗಳ ಹಳೆಯ ಬಿಲ್ಡಿಂಗ್. ಬಲಕ್ಕೆ ಗಾಜು ಹೊದ್ದ ಟವರ್. ಸಂಜೆಯಾದರೆ ಅದರ ನೆರಳು ಈ ಮಾಡನ್ನು ಪೂರ್ತಿ ಮುಚ್ಚುತ್ತದೆ.

ಉಡುಪಿ ಕಡೆಯ ದೂಜ ಹದಿನೇಳರ ವಯಸ್ಸಿಗೆ ಮುಂಬಯಿಗೆ ಬಂದು ಹೋಟೆಲಿನಲ್ಲಿ ತಟ್ಟೆ ತೊಳೆದವರು. ಮಾಲೀಕರ ಮನೆ ಸೋರಿದಾಗ, ಊರಲ್ಲಿ ಅಪ್ಪನಿಂದ ಕಲಿತ ಹಂಚು ಹೊದಿಸುವ ಕೆಲಸ ಕೈಹಿಡಿಯಿತು. ಮತ್ತೆ ಹೋಟೆಲಿಗೆ ಮರಳಲಿಲ್ಲ. ಎರಡು ಸಲ ಬಿದ್ದಿದ್ದಾರೆ. ಎಡ ಮೊಣಕಾಲು ಪೂರ್ತಿ ಮಡಚುವುದಿಲ್ಲ.

"ಮಾಡಿನ ಮೇಲೆ ನೋವಿಲ್ಲ ಮಾರಾಯ್ರೆ. ವಡಾಲ ಸ್ಟೇಷನ್ನಿನ ಬ್ರಿಜ್ ಹತ್ತುವಾಗ ಉಂಟು," ಎನ್ನುತ್ತಾರೆ.

ಹಂಚಿಗೆ ಹಂಚು ಸಿಕ್ಕಿಸುವ ಕಚ್ಚು ಒಂದೊಂದು ಕಾರ್ಖಾನೆಯದು ಒಂದೊಂದು ತರ. ಹೊಸದು ಹಳೆಯದರ ಜೊತೆ ಕೂರುವುದಿಲ್ಲ. ಹಾಗಾಗಿ ಅಕ್ಕಪಕ್ಕದ ಬಂಗಲೆಗಳು ಬಿದ್ದಾಗಲೆಲ್ಲ ದೂಜ ಹಂಚು ಆರಿಸಿ ತಂದು ಈ ಹಿತ್ತಲಲ್ಲಿ ಪೇರಿಸಿದ್ದಾರೆ. ಆ ರಾಶಿ ಈಗ ಮುಗಿಯುತ್ತ ಬಂದಿದೆ. ನೀಲಾವತಿ ಮತ್ತು ಅವರ ಸೊಸೆ ಆಫೀಸುಗಳಿಗೆ ಊಟದ ಡಬ್ಬಿ ಕಳಿಸಿ ಮನೆ ನಡೆಸುವವರು. ಕಳೆದ ಮಳೆಗಾಲದಲ್ಲಿ ಅಡುಗೆಮನೆ ಸೋರಿ ಒಲೆಯೇ ಆರಿತ್ತು. ಈ ಸಲವೂ ಸೋರಿದರೆ ಮನೆಯನ್ನು ಬಿಲ್ಡರ್‌ಗೆ ಒಪ್ಪಿಸುವುದೆಂದು ಅವರು ನಿಶ್ಚಯಿಸಿದ್ದಾರೆ.

ಟವರಿನ ಮೇಲಿನ ಮಹಡಿಯಲ್ಲಿರುವ ಹಿತೇಶ್ ಗೇಟಿನ ಬಳಿ ಬಂದು ಕೂಗುತ್ತಾನೆ. "ದೂಜಣ್ಣ, ಹಿಂದೆ ಇಟ್ಟ ಹಂಚು ಎಲ್ಲ ನನಗೆ ಕೊಡಿ ನಾ. ಟೆರೇಸಿಗೆ ಏಕ್‌ದಮ್ ಊರಿನ ಲುಕ್ ಬೇಕು. ಕೇಳಿದಷ್ಟು ಪೈಸೆ ಕೊಡ್ತೇನೆ."

"ಕೊಟ್ಟುಬಿಡು ಮಾರಾಯ," ಜಗಲಿಯಿಂದ ನೀಲಾವತಿ ಕೆಣಕುತ್ತಾರೆ. "ನಿನ್ನ ಮೊಣಕಾಲಿಗೂ ರಜೆ ಸಿಗ್ತದೆ."

ದೂಜ ಕೆಳಗೆ ನೋಡುವುದಿಲ್ಲ. "ಬಿರುಕಿನದ್ದು ಇಲ್ಲಿ ಬೇಕಾದಷ್ಟುಂಟು, ಸುಮ್ಮನೆ ತಗೊಂಡು ಹೋಗಿ. ನಿಮಗೆ ನೋಡ್ಲಿಕ್ಕೆ ಮಾತ್ರ ಅಲ್ವಾ? ಒಳ್ಳೇದಕ್ಕೆ ಕೆಲಸ ಉಂಟು."

ಹಿತ್ತಲ ರಾಶಿಯ ಕೊನೆಯ ಹಂಚುಗಳು ಅಡುಗೆಮನೆಯ ಮೇಲೆ ಕೂರುತ್ತವೆ.

ಜೂನಿನ ಮೊದಲ ಮಳೆ ನಸುಕಿನಲ್ಲೇ ಹಿಡಿದಿದೆ. ವಡಾಲದಲ್ಲಿ ದೂಜ ಇರುವ ಖೋಲಿಗೆ ಹೊದಿಸಿರುವುದು ತಗಡು. ಅದರ ಸದ್ದಿನಲ್ಲಿ ಮಾತು ಕೇಳಿಸದು. ಅವರು ಫೋನನ್ನು ಅಂಗೈಯಲ್ಲೇ ಹಿಡಿದು ಕುಳಿತಿದ್ದಾರೆ. ಮುಂದಿಟ್ಟ ಚಹಾ ಆರುತ್ತದೆ. ನೀಲಾವತಿಯವರ ಊಟದ ಡಬ್ಬಿಗಳು ಹೊರಡುವ ಹೊತ್ತು ದಾಟುತ್ತದೆ. ಕರೆ ಬರುವುದಿಲ್ಲ.

ಮಳೆ ತುಸು ತಗ್ಗಿದಾಗ ಫೋನನ್ನು ಜೇಬಿಗಿಳಿಸುತ್ತಾರೆ.

"ನೀಲಕ್ಕ ನನಗೆ ಫೋನ್ ಮಾಡುವುದು ಬೈಲಿಕ್ಕೆ ಮಾತ್ರ," ಎನ್ನುತ್ತಾರೆ. "ಇವತ್ತು ಅಲ್ಲಿ ಒಲೆ ಉರೀತಾ ಉಂಟು."