ಲೆಕ್ಕ ಸರಿಯಿತ್ತು, ಆಕೆ ಇರಲಿಲ್ಲ

ಮೂರು ವರ್ಷದ ಹಿಂದಿನ ಮಾತು. ದೀಪಾವಳಿ ಮುಗಿದಿತ್ತು, ಹತ್ತಿ ಬಿಡಿಸುವ ಕೆಲಸ ಜೋರಾಗಿ ನಡೆದಿತ್ತು. ನಾನು ಸುರಪುರದಲ್ಲಿ ಟಂಟಂ, ಅಂದರೆ ಮೂರು ಗಾಲಿಯ ಗಾಡಿ ಓಡಿಸುತ್ತೇನೆ. ಬೆಳಿಗ್ಗೆ ಹದಿಮೂರು ಮಂದಿ ಹೆಣ್ಣುಮಕ್ಕಳನ್ನು ಹೊಲಕ್ಕೆ ಬಿಡುವುದು, ಸಂಜೆ ಕರೆತರುವುದು, ಇದು ನನ್ನ ದುಡಿಮೆ. ಐದನೆಯ ತರಗತಿಗೇ ಶಾಲೆ ಬಿಟ್ಟವನು ನಾನು. ಆದರೆ ಗಾಡಿ ನನ್ನ ಸ್ವಂತದ್ದು, ಯಾರ ಕೈಕೆಳಗೂ ಇಲ್ಲ. ಹನ್ನೊಂದು ವರ್ಷದಲ್ಲಿ ಒಬ್ಬರನ್ನೂ ಹೊಲದಲ್ಲಿ ಬಿಟ್ಟು ಬಂದವನಲ್ಲ ಎಂದು ಚಹಾದಂಗಡಿಯಲ್ಲಿ ಹೇಳಿಕೊಳ್ಳುತ್ತಿದ್ದೆ. ಹೊರಡುವ ಮುಂಚೆ ಕನ್ನಡಿಯಲ್ಲಿ ತಲೆ ಎಣಿಸುತ್ತಿದ್ದೆ. ಹದಿಮೂರು ಆದರೆ ಗಾಡಿ ಬಿಡುವುದು, ಅಷ್ಟೆ.

ನಮ್ಮ ಕಡೆ ಕೂಲಿ ಸಿಗಬೇಕೆಂದರೆ ಮೊದಲು ಗಾಡಿಯಲ್ಲಿ ಜಾಗ ಸಿಗಬೇಕು. ಯಾರು ಎಲ್ಲಿ ಕೂಡಬೇಕು ಎಂಬುದೂ ಗೊತ್ತಾಗಿರುತ್ತದೆ. ನಮ್ಮ ಗುಂಪಿಗೆ ಹಿರಿಯಳು ಮಲ್ಲಮ್ಮ. ಆಕೆ ಹೂಂ ಅಂದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ. ಆ ವರ್ಷ ಒಡಿಶಾ ಕಡೆಯ ಒಬ್ಬ ಹೆಣ್ಣುಮಗಳು ದಿನಾ ನಮ್ಮ ಗಾಡಿ ನಿಲ್ಲುವಲ್ಲಿಗೆ ಬರತೊಡಗಿದಳು. ಗಂಡ ಸೆಂಟ್ರಿಂಗ್ ಕೆಲಸಕ್ಕೆಂದು ಬಂದವನು ಮೇಲಿಂದ ಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಾಡಿಗೆ ಖೋಲಿಯಲ್ಲಿ ಕುಳಿತಿದ್ದ. ಆಕೆಗೆ ಕನ್ನಡ ಬಾರದು. ಹಿಂದಿಯೂ ನಾಲ್ಕೇ ಮಾತು. ನಾನು ಎರಡು ಸಲ ಗಿಡ್ಡ, ಒಂದು ಸಲ ಉದ್ದ ಹಾರ್ನ್ ಹೊಡೆದು ನಿಂತ ಕೂಡಲೇ ಮುಂದೆ ಬಂದು, ಬೆರಳಿನಿಂದ ಹತ್ತಿ ಬಿಡಿಸಿದ ಹಾಗೆ ಮಾಡಿ ತೋರಿಸುತ್ತಿದ್ದಳು.

"ಜಗಾ ನಹೀ" ಎನ್ನುತ್ತಿದ್ದೆ ನಾನು.

"ಮಾತ ತಿಳಿಯಂಗಿಲ್ಲ, ಆಕಿಗೆ ಕೆಲಸ ಹ್ಯಾಂಗ ಹೇಳೂದು?" ಎನ್ನುತ್ತಿದ್ದಳು ಮಲ್ಲಮ್ಮ.

"ಕಸಾ, ಕಾಯಿ ಎಲ್ಲಾ ಕೂಡೇ ಚೀಲಕ್ಕ ತುಂಬತಾಳ ನೋಡಬೇ" ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಏಳೆಂಟು ದಿನ ಹೀಗೇ ನಡೆಯಿತು. ಒಂದು ದಿನ ನಮ್ಮ ಗುಂಪಿನ ಸಾಬಮ್ಮನಿಗೆ ಜ್ವರ ಬಂತು. ಒಂದು ಜಾಗ ಖಾಲಿ ಬಿತ್ತು. ಒಡಿಶಾದ ಹೆಣ್ಣುಮಗಳು ಅಲ್ಲೇ ನಿಂತಿದ್ದಳು.

"ಒಂದಿನ ಹತ್ತಲಿ ಬಿಡಕ್ಕ" ಎಂದೆ.

"ಗಾಡಿ ನಿಂದು, ಮರ್ಜಿ ನಿಂದು. ನಾಳಿ ನನಗೇನೂ ಅನಬ್ಯಾಡ" ಎಂದಳು ಮಲ್ಲಮ್ಮ. ಆ ಹೆಣ್ಣುಮಗಳು ಗಾಡಿ ಏರಿ, ಮೂಲೆಯಲ್ಲಿ ಮೊಣಕಾಲು ಮುದುರಿ ಕುಳಿತಳು.

ಅವತ್ತು ಹೊಲ ಇದ್ದದ್ದು ತಿಂಥಣಿ ರಸ್ತೆಯಲ್ಲಿ, ಕಾಲುವೆಯ ಆಚೆ. ಸಂಜೆ ನನಗೆ ಮನಸ್ಸು ನೆಟ್ಟಗಿರಲಿಲ್ಲ. ಹಿಂದಿನ ಟೈರಿನಲ್ಲಿ ಗಾಳಿ ಇಳಿದಿತ್ತು, ಹೊತ್ತು ಮುಳುಗುವ ಮುಂಚೆ ಊರು ಸೇರಬೇಕಿತ್ತು. ಅಷ್ಟರಲ್ಲಿ ಹೊಲದ ಧಣಿಯ ತಂಗಿ, ಶಹಾಪುರದ ಬಸ್ ಹಿಡಿಯಬೇಕು, ಸುರಪುರದವರೆಗೆ ಬರುತ್ತೇನೆ ಎಂದು ಹತ್ತಿ ಕುಳಿತಳು. ಹಾರ್ನ್ ಹೊಡೆದೆ. ಕನ್ನಡಿ ನೋಡಿದೆ. ಹದಿಮೂರು. ಗಾಡಿ ಬಿಟ್ಟೆ.

ಸುರಪುರದಲ್ಲಿ ಎಲ್ಲರೂ ಇಳಿದು ಹೋಗುತ್ತಿದ್ದರು. ಒಡಿಶಾದವಳ ಗಂಡ ಕೋಲು ಊರಿಕೊಂಡು ಓಣಿಯ ತುದಿಗೆ ಬಂದು ನಿಂತಿದ್ದ. ಗಾಡಿಯೊಳಗೆ ಬಗ್ಗಿ ನೋಡಿದ. ನನ್ನ ಮುಖ ನೋಡಿದ. "ಮೇರಿ ಔರತ್ ಕಹಾಂ?" ಎಂದು ಹೆಂಡತಿ ಎಲ್ಲಿ ಅಂತ ಕೇಳಿದ.

ನನಗೆ ಮೊದಲು ಸಿಟ್ಟೇ ಬಂತು. ಹದಿಮೂರು ಎಣಿಸಿದ್ದೇನಲ್ಲ ಎಂದು ಹೇಳಲು ಬಾಯಿ ತೆರೆದೆ. ಆಗ ಧಣಿಯ ತಂಗಿ ನೆನಪಾದಳು. ಹದಿಮೂರನೆಯ ತಲೆ ಅವಳದಾಗಿತ್ತು. "ಅಭೀ ಲಾತಾ" ಎಂದವನೇ ಆಕೆಯನ್ನು ಕರೆತರಲು ಗಾಡಿ ತಿರುಗಿಸಿದೆ. ಮಲ್ಲಮ್ಮ ಇನ್ನೂ ಅಲ್ಲೇ ಇದ್ದಳು. ನಾನು ಕರೆಯುವ ಮೊದಲೇ ಹತ್ತಿದಳು.

ಎಷ್ಟು ಒತ್ತಿದರೂ ಗಾಡಿ ಮುಂದೆ ಹೋಗುತ್ತಿಲ್ಲ ಅನಿಸುತ್ತಿತ್ತು. ಹತ್ತಿ ತುಂಬಿದ ಲಾರಿಯೊಂದು ದಾರಿ ಬಿಡಲಿಲ್ಲ. ಟೈರು ಎಲ್ಲಿ ಕೈಕೊಡುತ್ತದೋ ಎಂದು ಕಿವಿಯೆಲ್ಲ ಹಿಂದೆಯೇ. ಮಾತು ಬಾರದ ಹೆಣ್ಣುಮಗಳು, ಕತ್ತಲಾಗುತ್ತಿದೆ, ಪಕ್ಕದಲ್ಲಿ ಕಾಲುವೆ.

"ಹೊರಡೂ ಮುಂದ ನಾನೇ ಕಳಿಸೀನಿ ಆಕಿನ್ನ" ಎಂದಳು ಮಲ್ಲಮ್ಮ, ನನ್ನ ಕಡೆ ನೋಡದೆ. "ನೀರಿನ ಕ್ಯಾನ್ ತೊಳಕೊಂಡ ಬಾ ಅಂತ ಕಾಲವಿ ಕಡಿ ಕೈ ಮಾಡಿದೆ."

"ಮತ್ತ ಗಾಡ್ಯಾಗ ಯಾಕ ಹೇಳಲಿಲ್ಲ?"

"ನೀ ಎಣಿಸ್ತಿಯಲ್ಲ ಶರಣಪ್ಪ. ನೀ ಎಣಿಸಿದ ಮ್ಯಾಲ ನಾವ್ಯಾಕ ನೋಡಬೇಕು?"

ನಾನು ಗಾಡಿಯನ್ನು ಇನ್ನಷ್ಟು ಒತ್ತಿದೆ. ಮಲ್ಲಮ್ಮನೇ ಮತ್ತೆ ಅಂದಳು: "ಹತ್ತಿ ಸ್ವಚ್ಛ ಬಿಡಿಸ್ಯಾಳ. ಒಂದು ಕಸ ಇಲ್ಲ."

ಹೊಲದಲ್ಲಿ ಯಾರೂ ಇರಲಿಲ್ಲ. ಕಾಲುವೆಯ ದಂಡೆಗೆ ಓಡಿದೆವು. ಆ ಕಡೆಗೂ ಈ ಕಡೆಗೂ ದಾರಿ ಖಾಲಿ. ನೀರು ತುಂಬಿ ಹರಿಯುತ್ತಿತ್ತು. ನೀರಿನ ಕಡೆ ನೋಡಲು ಧೈರ್ಯ ಸಾಲಲಿಲ್ಲ.

"ಒದರು" ಎಂದಳು ಮಲ್ಲಮ್ಮ.

ಬಾಯಿ ತೆರೆದೆ. ಏನೂ ಬರಲಿಲ್ಲ. "ಏನಂತ ಒದರಲಿ? ಆಕಿ ಹೆಸರೇನು?"

"ನನಗೇನ ಗೊತ್ತು?"

"ದಿನ ಪೂರ್ತಿ ಬಾಜೂಕ ಕೆಲಸ ಮಾಡೀಯಲ್ಲಕ್ಕ."

"ಒಂದ ವಾರ ನಿನ್ನ ಗಾಡಿ ಮುಂದ ನಿಂತಾಳ. ನೀ ಕೇಳೀಯೇನು?"

ಆಮೇಲೆ ನನಗೆ ತೋಚಿದ್ದು ಒಂದೇ. ಗಾಡಿಗೆ ಓಡಿ ಹೋಗಿ ಹಾರ್ನ್ ಹೊಡೆದೆ. ಬೆಳಿಗ್ಗೆ ಹೊಡೆಯುವ ಹಾಗೆಯೇ, ಎರಡು ಗಿಡ್ಡ, ಒಂದು ಉದ್ದ. ದಂಡೆಯ ಮೇಲೆ ಗಾಡಿಯನ್ನು ಮೆಲ್ಲಗೆ ಬಿಡುತ್ತ, ಊರಿನ ಕಡೆ ಬಂದಿದ್ದರೆ ದಾರಿಯಲ್ಲೇ ಸಿಗುತ್ತಿದ್ದಳು ಎಂದು ತಿಂಥಣಿ ಕಡೆಗೆ, ಹೊಡೆಯುತ್ತಲೇ ಹೋದೆ. ಎರಡು ಕಿಲೋಮೀಟರ್ ಆಗಿರಬೇಕು. ದೂರದಲ್ಲಿ ಜಾಲಿ ಗಿಡಗಳ ಹಿಂದಿನಿಂದ ಒಂದು ಆಕಾರ ದಾರಿಗೆ ಬಂದು ನಿಂತಿತು. ಊರಿಗೆ ಬೆನ್ನು ಮಾಡಿ, ತಪ್ಪು ದಾರಿಯಲ್ಲಿ ಅಷ್ಟು ದೂರ ನಡೆದಿದ್ದಳು. ಹಾರ್ನಿನ ಗುರುತು ಹಿಡಿದಿದ್ದಳು.

ತಲೆಯ ಮೇಲೆ ಕ್ಯಾನ್ ಇತ್ತು. ತೊಳೆದದ್ದಷ್ಟೇ ಅಲ್ಲ, ಯಾರದೋ ಹೊಲದ ಬೋರ್‌ವೆಲ್ಲಿಗೆ ಹೋಗಿ ಕುಡಿಯುವ ನೀರು ತುಂಬಿಸಿಕೊಂಡಿದ್ದಳು; ತಡವಾದದ್ದು ಅದಕ್ಕೇ. ಅಷ್ಟು ದೂರ ಆ ಭಾರ ಹೊತ್ತಿದ್ದಳು, ಚೆಲ್ಲಿರಲಿಲ್ಲ. ಮಲ್ಲಮ್ಮ ಎರಡೂ ಕೈ ಎತ್ತಿ ಕ್ಯಾನ್ ಇಳಿಸಿಕೊಂಡಳು. ಆ ಹೆಣ್ಣುಮಗಳು ಅಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ.

ಖೋಲಿಯ ಬಾಗಿಲಲ್ಲಿ ಗಂಡ ಹೇಳಿದ್ದು ಒಂದೇ ಮಾತು: ನಾಳೆಯಿಂದ ಕಳಿಸುವುದಿಲ್ಲ. ಅವನ ಮಾತಿನಲ್ಲಿ ತಪ್ಪೇನಿತ್ತು? ಆದರೆ ಇನ್ನೂ ಎರಡು ತಿಂಗಳು ಅವನು ಕೆಲಸಕ್ಕೆ ಹೋಗುವ ಹಾಗಿರಲಿಲ್ಲ. ಆಕೆ ಗಳಿಸದೆ ಆ ಮನೆ ನಡೆಯುವುದಿಲ್ಲ ಎಂದು ನನಗೂ ಗೊತ್ತಿತ್ತು.

ಮರುದಿನ ಆಕೆ ಬಂದಿರಲಿಲ್ಲ. ಸಾಬಮ್ಮ ಜ್ವರ ಬಿಟ್ಟು ಬಂದು ತನ್ನ ಜಾಗದಲ್ಲಿ ಕುಳಿತಿದ್ದಳು. ಲೆಕ್ಕ ಮತ್ತೆ ಹದಿಮೂರು. "ನಡಿಯೋ, ಹೊತ್ತಾತು" ಎಂದರು. ಕೀಲಿ ತಿರುಗಿಸಲು ಕೈ ಬರಲಿಲ್ಲ. ಇಳಿದು ಖೋಲಿಗೆ ಹೋದೆ. ನಾನು ಯಾರ ಮುಂದೆಯೂ ತಪ್ಪಾಯಿತು ಎಂದವನಲ್ಲ. ಅವತ್ತು ಗಂಡ ಹೆಂಡತಿ ಇಬ್ಬರ ಮುಂದೆ ನಿಂತು, ಬಂದಷ್ಟು ಹಿಂದಿಯಲ್ಲಿ, ತಪ್ಪು ನನ್ನದು ಎಂದೆ. ಆಮೇಲೆ ಹೆಸರು ಕೇಳಿದೆ.

"ಸುಕಾಂತಿ" ಎಂದಳು.

ಅಷ್ಟರಲ್ಲಿ ಮಲ್ಲಮ್ಮ ನನ್ನ ಹಿಂದೆಯೇ ಬಂದಿದ್ದಳು. ನನ್ನ ಪಕ್ಕದ ಸೀಟಿನಲ್ಲಿ ಯಾವಾಗಲೂ ಬುತ್ತಿ ಗಂಟು ಇಡುತ್ತಿದ್ದರು, ಹೆಂಗಸರು ಅಲ್ಲಿ ಕೂಡುತ್ತಿರಲಿಲ್ಲ. "ಗಂಟ ಮ್ಯಾಲ ಕಟ್ಟು. ನಾ ಮುಂದ ಕೂಡತೀನಿ, ಯಾರರೆ ಏನರೆ ಅನ್ನಲಿ" ಎಂದಳು. ಆಮೇಲೆ ಖೋಲಿಯೊಳಗೆ ಮುಖ ಹಾಕಿ, "ಸುಕಾಂತಿ, ಬಾ ಬೇ. ನನ್ನ ಜಾಗದಾಗ ಕೂಡು" ಎಂದು ಕರೆದಳು. ಮಾತು ತಿಳಿಯಿತೋ ಇಲ್ಲವೋ. ಆಕೆ ಗಂಡನ ಮುಖ ನೋಡಿದಳು. ಅವನು ಬಾಗಿಲಿಗೆ ಅಡ್ಡ ಇದ್ದ ಕೋಲನ್ನು ಸರಿಸಿದ. ಆಕೆ ಸೆರಗು ಬಿಗಿದುಕೊಂಡು ಹೊರಗೆ ಬಂದಳು.

ಈಗ ಸುಕಾಂತಿ ಮಲ್ಲಮ್ಮನ ಸಮ ಹತ್ತಿ ಬಿಡಿಸುತ್ತಾಳೆ, ಮಲ್ಲಮ್ಮನ ಸಮ ಜಗಳವನ್ನೂ ಆಡುತ್ತಾಳೆ. ಈ ಸಲ ಅವರ ಕಡೆಯ ಇನ್ನಿಬ್ಬರು ಹೆಣ್ಣುಮಕ್ಕಳು ಬಂದು ನಿಂತಾಗ, ಜಾಗ ಇದೆಯೋ ಇಲ್ಲವೋ ಎಂದು ನೋಡುವ ಮುಂಚೆ ಹೆಸರು ಕೇಳಿದೆ. ಸಂಜೆ ಹೊರಡುವಾಗ ಕನ್ನಡಿ ನೋಡುವುದನ್ನು ಬಿಟ್ಟಿದ್ದೇನೆ. ಇಳಿದು ಹಿಂದೆ ಹೋಗಿ ಒಬ್ಬೊಬ್ಬರ ಹೆಸರು ಕೂಗುತ್ತೇನೆ. "ಇಲ್ಲೇ ಅದೀವಿ ಮಾಸ್ತರ, ಹಾಜರಿ ಸಾಕು" ಎಂದು ನಗುತ್ತಾರೆ. ನಗಲಿ. ಕಾಲುವೆಯ ದಂಡೆಯ ಮೇಲೆ ಬಾಯಿ ತೆರೆದು ನಿಂತದ್ದು ನನಗೆ ಗೊತ್ತು. ಎಲ್ಲರೂ ಓಗೊಟ್ಟ ಮೇಲೂ ಒಮ್ಮೊಮ್ಮೆ ಗಾಡಿ ಬಿಡಲು ಮನಸ್ಸು ಬಾರದೆ, ಹೊಲದ ಕಡೆ ಇನ್ನೊಂದು ಸಲ ತಿರುಗಿ ನೋಡುತ್ತೇನೆ.